ಕಾಲುಂಗುರದ ಗುರುತಿದ್ದ ಹೆಬ್ಬೆರಳು

ಫೆಬ್ರುವರಿ ಮೂವತ್ತೊಂದು, ೨೪೧೬
ಮಲಪ್ರಭೆಯ ದಂಡೆ

ಹಿಂದಿನ ಕಾಲದ ಹಿರಿಯರಿಗೆ ದುಂಡವ್ವ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಒಂದೇ ಅಳತೆ. ವರ್ಷದ ಕೊನೆಗೆ ತಾಳೆ ತಪ್ಪಿದರೂ ಯಾರೂ ಕೇಳುವುದಿಲ್ಲ. ನನ್ನ ಮಾತು ನಿಮಗೆ ಒರಟೆನಿಸಿದರೆ ಕ್ಷಮಿಸಿ, ಒರಟು ಕಾಲದಲ್ಲಿ ಹುಟ್ಟಿದವಳು.

ನಮ್ಮೂರಿನ ಸುತ್ತ ಗೋಡೆಯಿದೆ. ಬಾಗಿಲ ಪಕ್ಕದಲ್ಲಿ ಬೆರಳುಗಿಂಡಿ, ಎಂದರೆ ಹೆಬ್ಬೆರಳು ಒತ್ತುವ ಗೂಡು. ಗುರುತು ಸಿಕ್ಕರೆ ಬಾಗಿಲು ತೆರೆಯುತ್ತದೆ. ಒಳಗೆ ನೀರು, ಜೋಳ, ಮನೆ. ಆದ್ದರಿಂದ ಹೊರಗಿನವರು ನಮ್ಮವರ ಹೆಬ್ಬೆರಳು ಕಡಿದು, ತಮ್ಮ ಕೈಗೆ ತಂತಿಯಿಂದ ಬಿಗಿದುಕೊಂಡು ಬರತೊಡಗಿದರು. ಎರಡು ಸಲ ಒಳಹೊಕ್ಕು ಸಿಕ್ಕಸಿಕ್ಕವರನ್ನು ಕೊಚ್ಚಿದರು. ನನ್ನ ತಮ್ಮ ಬಸಲಿಂಗನ ಹೆಣ ಸಿಕ್ಕಾಗ ಎರಡೂ ಹೆಬ್ಬೆರಳು ಇರಲಿಲ್ಲ. ತಂತಿಯ ಗುರುತಿರುವ ಬೆರಳನ್ನು ಕಂಡಲ್ಲೇ ಕಡಿಯಬೇಕು, ವಿಚಾರಣೆ ಬೇಡ ಎಂಬುದಕ್ಕೆ ಪಂಚಾಯಿತಿ ಒಪ್ಪಿಗೆ ಕೇಳಿದಾಗ ಮೊದಲು ಕೈ ಎತ್ತಿದವಳು ನಾನೇ.

ಹೋದ ವರ್ಷ ನನ್ನ ಬಲ ಹೆಬ್ಬೆರಳಿನ ಮೂಳೆಯಲ್ಲಿ ಗಡ್ಡೆ ಬೆಳೆದು, ಹುಳುಕು ಹಲ್ಲಿನಂತೆ ಅದನ್ನು ಟೊಳ್ಳು ಮಾಡಿತು. ಗೋಡೆಯಾಚೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಮೆಹಬೂಬಿ ಬೆರಳನ್ನು ಬುಡಸಮೇತ ತೆಗೆದು, ನನ್ನ ಎಡಗಾಲಿನ ಎರಡನೆಯ ಬೆರಳನ್ನು ಅಲ್ಲಿ ಕೂರಿಸಿದಳು. ಕೂದಲಿಗಿಂತ ಸಣ್ಣ ದಾರದಲ್ಲಿ ನರ, ರಕ್ತನಾಳ ಹೊಲಿಯಲು ಹನ್ನೊಂದು ತಾಸು ಹಿಡಿಯಿತು. ಮೂರು ತಿಂಗಳಿಗೆ ಆ ಕೈಯಲ್ಲಿ ರೊಟ್ಟಿ ಮುರಿದೆ, ಅಂದು ಅತ್ತುಬಿಟ್ಟೆ. ಇಪ್ಪತ್ತು ವರ್ಷ ಕಾಲುಂಗುರ ಕೂತು ಬಿದ್ದಿದ್ದ ಪಟ್ಟಿ ಮಾತ್ರ ಹೊಸ ಹೆಬ್ಬೆರಳಿನ ಸುತ್ತ ಹಾಗೇ ಇತ್ತು.

ಗಿಂಡಿಯಲ್ಲಿ ಹೊಸ ಬೆರಳಿನ ಗುರುತು ಬರೆಸಲು ಮೆಹಬೂಬಿಯೇ ಸಾಕ್ಷಿಯಾಗಿ ನನ್ನ ಜೊತೆ ಬಂದಳು. ಮನೆ ಕಂಡ ಆತುರ ನನಗೆ. ಆಕೆ ಹತ್ತು ಹೆಜ್ಜೆ ಹಿಂದಿರುವಾಗಲೇ ರೂಢಿಯಂತೆ ಗಿಂಡಿಗೆ ಬೆರಳು ಒತ್ತಿದೆ. ಗಿಂಡಿ ಕಿರುಚಿತು. ಕಾವಲಿನ ಮುದಕಪ್ಪ ಬೆರಳಿನ ಸುತ್ತಲಿನ ಪಟ್ಟಿ ನೋಡಿದ, ತಂತಿಯ ಗುರುತೆಂದುಕೊಂಡ. ನನ್ನ ಮುಖ ನೋಡಲಿಲ್ಲ, ಮಾತು ಕೇಳಲಿಲ್ಲ. ಕೇಳಬಾರದೆಂದು ನಾವೇ ಹೇಳಿದ್ದೆವಲ್ಲ. ಕೂದಲು ಹಿಡಿದೆಳೆದು, ಮುಖವನ್ನು ಗೋಡೆಗೆ ಬಡಿದು, ಕೈಯನ್ನು ಕಲ್ಲಿಗೆ ಒತ್ತಿ ಮಚ್ಚು ಎತ್ತಿದ.

“ಆಕಿ ಕಾಲ ನೋಡಪಾ, ಅದು ಕಾಲುಂಗರದ ಗುರುತು,” ಎನ್ನುತ್ತ ಮೆಹಬೂಬಿ ತನ್ನ ಬಲಗೈಯನ್ನು ನಡುವೆ ಚಾಚಿದಳು.

ಮಚ್ಚು ಇಳಿಯಿತು. ಆಕೆಯ ಹೆಬ್ಬೆರಳು, ತೋರುಬೆರಳು ಕಲ್ಲಿನ ಮೇಲೆ ಬಿದ್ದವು. ರಕ್ತ ನನ್ನ ಬಾಯಿಗೆ ಚಿಮ್ಮಿತು, ಅದರ ರುಚಿ ಇನ್ನೂ ಹೋಗಿಲ್ಲ. ಆಮೇಲೆ ಮುದಕಪ್ಪ ನನ್ನ ಚಪ್ಪಲಿ ಬಿಚ್ಚಿ ನೋಡಿದ. ನಾಲ್ಕೇ ಬೆರಳು. ರುಮಾಲು ಬಿಚ್ಚಿ ಆಕೆಯ ಕೈಗೆ ಸುತ್ತಿದ.

ಆಕೆಗೂ ಕಾಲಿದೆ, ಕಾಲಲ್ಲಿ ಬೆರಳಿದೆ. ಅದನ್ನು ಕೈಗೆ ಹೊಲಿಯಬಲ್ಲ ಕೈ ನಮ್ಮ ಸೀಮೆಯಲ್ಲಿ ಆಕೆಯದೊಂದೇ ಇತ್ತು. ಈಗ ದಿನವೂ ಆಕೆಗೆ ತುತ್ತು ಕಲಸಿ ಕೊಡುತ್ತೇನೆ, ಆಕೆ ಹೊಲಿದ ಬೆರಳಿನಿಂದಲೇ. ಹೊಲಿಗೆ ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡುತ್ತಾಳೆ. ನನಗೆ ತಲೆ ಎತ್ತಲಾಗುವುದಿಲ್ಲ.

ಹೆಬ್ಬೆರಳು ಒತ್ತಿಸಿಕೊಂಡು ಒಳಗೆ ಬಿಡುವುದು ನಿಮ್ಮ ಕಾಲದಲ್ಲೇ ಶುರುವಾಯಿತಂತೆ. ಒತ್ತಿಕೊಳ್ಳಿ, ಬೇಡವೆನ್ನುವುದಿಲ್ಲ. ಕೇಳದೆ ಕಡಿಯಿರಿ ಎನ್ನುವ ಮಾತಿಗೆ ಮಾತ್ರ ಕೈ ಎತ್ತಬೇಡಿ. ಅಂದು ನಾನು ಎತ್ತಿದ್ದು ಇದೇ ಬಲಗೈ.