ಪುಷ್ಪಮ್ಮ ಹೇಳದ ಮಾತು

೪ ಜನವರಿ ೨೦೨೪, ಗುರುವಾರ. ಸಂಜೆ

ಬೆಳಿಗ್ಗೆ ಏಳೂವರೆ ಬಸ್ಸು, ಸಾಗರದಿಂದ ಹೊಸನಗರಕ್ಕೆ. ಆಪ್ತಸಮಾಲೋಚನೆಗೆ ಅಂತ ಟ್ರಸ್ಟಿನವರು ನನಗೆ ವಾರಕ್ಕೊಂದು ದಿನ ಕೊಡುವ ಕೋಣೆ. ಎರಡು ಕುರ್ಚಿ, ಒಂದು ಫ್ಯಾನು, ಗೋಡೆಯಲ್ಲಿ ಮಂಗನಕಾಯಿಲೆ ಪೋಸ್ಟರ್. ನಾಲ್ಕು ಜನ ಬಂದಿದ್ದರು. ಮೂವರು ಹಳಬರು.

ಹೊಸಬರು ಪುಷ್ಪಮ್ಮ. ಐವತ್ತೆಂಟು ವರ್ಷ, ಹೊಸನಗರದ ಹತ್ತಿರದ ಊರು. ಬಂದವರೇ ಕುರ್ಚಿ ಎತ್ತಿ ನನ್ನ ಇನ್ನೊಂದು ಪಕ್ಕಕ್ಕೆ ಹಾಕಿಕೊಂಡರು.

"ಎಡಗಿವಿ ಕೇಳಲ್ಲ ಮೇಡಂ. ಮಗಳು ಹುಟ್ಟಿದ ವರ್ಷ ಹೋತು."

ಹೇಗೆ ಅಂತ ಕೇಳಿದೆ. ಕೈ ಎತ್ತಿ ಗಾಳಿಗೆ ಒಂದು ಏಟು ಹೊಡೆದು ತೋರಿಸಿದರು. ಅಷ್ಟೇ.

ಹೊಡೆದವರು ಗಂಡ, ಮಂಜುನಾಥಪ್ಪ. ಮೂವತ್ತು ವರ್ಷ ಹೊಡೆದಿದ್ದಾರೆ. ಕಳೆದ ದೀಪಾವಳಿಯಲ್ಲಿ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ, ಮಾತು ತೊದಲು. ಗಂಜಿ ಕುಡಿಸುವುದು, ಮೈ ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲ ಇವರೇ. ಬಂದು ಹೋಗುವ ನೆಂಟರದ್ದು ಒಂದೇ ರಾಗ — ಸಾಯೋ ಮನುಷ್ಯ, ಕ್ಷಮಿಸಿದೆ ಅಂದುಬಿಡು.

"ನನ್ ಬಾಯಲ್ಲಿ ಆ ಮಾತು ಬರಲ್ಲ. ಇದೊಂದು ಕಾಯ್ಲೆಯಾ ಮೇಡಂ?"

"ಅಲ್ಲ," ಅಂದೆ.

"ಅಷ್ಟೇನಾ?"

"ಇವತ್ತಿಗೆ ಅಷ್ಟೇ."

೫ ಜನವರಿ

ಎಂಟು ವರ್ಷದ ಹಿಂದೆ, ಶಿವಮೊಗ್ಗದಲ್ಲಿ, ಕೆಲಸಕ್ಕೆ ಸೇರಿದ ಹೊಸತು. ಗಂಡನ ಏಟು ತಿಂದು ಬಂದ ಒಬ್ಬ ಹುಡುಗಿಗೆ ಹೇಳಿದ್ದೆ — ಕ್ಷಮಿಸಿ, ಮನಸ್ಸು ಹಗುರ ಆಗತ್ತೆ. ಎಷ್ಟು ಮೆತ್ತಗೆ ಹೇಳಿದ್ದೆ! ಅವಳು ಕ್ಷಮಿಸಿದಳು. ಗಂಡನ ಮನೆಗೆ ವಾಪಸ್ ಹೋದಳು. ಇಪ್ಪತ್ತೇ ದಿನ. ಮುರಿದ ಮಣಿಕಟ್ಟು ಹಿಡಿದುಕೊಂಡು ಮೂಳೆ ಡಾಕ್ಟರ ಬಾಗಿಲಲ್ಲಿ ಕೂತಿದ್ದಳು. ನನ್ನನ್ನು ಕಂಡವಳೇ ತಲೆ ತಗ್ಗಿಸಿದಳು, ತಪ್ಪು ತನ್ನದೇ ಅನ್ನುವ ಹಾಗೆ.

ತಗ್ಗಿಸಬೇಕಾದ್ದು ನನ್ನ ತಲೆ.

ಆ ಮಾತನ್ನು ಮಾತ್ರೆಯ ಹಾಗೆ ಇನ್ನು ಯಾರಿಗೂ ಬರೆದುಕೊಡುವುದಿಲ್ಲ. ಯಾರು ಏನೇ ಅನ್ನಲಿ.

೧೮ ಜನವರಿ, ಗುರುವಾರ

ಪುಷ್ಪಮ್ಮನವರದು ಮೂರನೇ ಭೇಟಿ. ಬಹಳ ಹೊತ್ತು ಸೆರಗಿನ ಅಂಚು ಸುತ್ತಿದರು, ಬಿಚ್ಚಿದರು.

"ಮೊನ್ನೆ ಮೈ ಒರಸುವಾಗ ಗಟ್ಟಿಯಾಗಿ ಉಜ್ಜಿದೆ. ಬೇಕಂತಲೇ. ಅವ್ರು 'ಹಾ' ಅಂದ್ರು. ನಂಗೆ ಒಂಥರಾ ಖುಷಿ ಆತು. ಆಮೇಲೆ ಹೆದ್ರಿಕೆ ಆತು — ನಾನೂ ಅವ್ರಂಗೇ ಆಗ್ತಿದೀನಾ ಅಂತ."

"ಆಮೇಲೆ ಏನು ಮಾಡಿದ್ರಿ?"

"ಬಟ್ಟೆ ಕೆಳಗಿಟ್ಟು ಹಿತ್ತಲಿಗೆ ಹೋಗಿ ನಿಂತ್ಕಂಡೆ."

"ಅವರು ಯಾವತ್ತಾದ್ರೂ ಹಾಗೆ ಹೊರಗೆ ಹೋಗಿ ನಿಂತಿದ್ರಾ?"

ಯೋಚಿಸಿದರು. "ಇಲ್ಲ."

ಸಿಟ್ಟು ಇರಲಿ, ಕೈಗೆ ಇಳಿಯುವ ಮೊದಲು ಹಿತ್ತಲಿಗೆ ಹೋಗಿ ಅಂದೆ. ವಾರಕ್ಕೆ ಒಂದು ದಿನವಾದರೂ ಬೇರೆ ಯಾರಾದರೂ ನೋಡಿಕೊಳ್ಳಬೇಕು, ಒಬ್ಬರ ಕೈಲಿ ಆಗುವ ಕೆಲಸವಲ್ಲ ಇದು ಅಂತಲೂ ಹೇಳಿದೆ. ಗಂಡನ ಅಣ್ಣ ಪಕ್ಕದ ಮನೆಯಲ್ಲೇ ಇದ್ದಾರಲ್ಲ?

ಮೊದಲ ಸಲ ನಕ್ಕರು. "ಜಯಪ್ಪ ಭಾವನೋರಾ? ಕುಡಿದ ಲೋಟನೂ ಎತ್ತಿಡವ್ರಲ್ಲ ಅವ್ರು!"

೨೩ ಜನವರಿ, ಮಂಗಳವಾರ. ಮಧ್ಯಾಹ್ನ

ಆ ಜಯಪ್ಪನವರೇ ಬಂದಿದ್ದರು, ಸಾಗರದ ನನ್ನ ಕೋಣೆಗೆ. ಇಸ್ತ್ರಿ ಮಾಡಿದ ಬಿಳಿ ಪಂಚೆ. ನಮಸ್ಕಾರ ಎಲ್ಲ ಆಯಿತು.

"ನಮ್ ಪುಷ್ಪ ನಿಮ್ ಹತ್ರ ಏನೇನ್ ಹೇಳ್ತಾಳೆ?"

"ಯಾರು ಬರ್ತಾರೆ, ಏನು ಹೇಳ್ತಾರೆ, ಎರಡನ್ನೂ ನಾನು ಹೇಳಲ್ಲ ಜಯಪ್ಪನವರೇ."

"ಬರ್ದಿಟ್ಕಂತೀರಂತಲ್ಲ. ತೋರ್ಸಿ, ಓದ್ತೀನಿ."

"ಇಲ್ಲ."

"ನಾವು ಮನೆಯವ್ರು ಮೇಡಂ."

"ಆದ್ರೂ ಇಲ್ಲ."

ದನಿ ಇಳಿಸಿದರು. "ನನ್ ತಮ್ಮ ನೆಮ್ಮದಿಯಾಗಿ ಹೋಗ್ಲಿ ಅಂತ ಅಷ್ಟೇ. ನೀವೊಂದು ಮಾತು ಹೇಳಿದ್ರೆ ಅವ್ಳು ಕೇಳ್ತಾಳೆ." ಕಣ್ಣಲ್ಲಿ ನೀರಿತ್ತು. ನಾಟಕವಲ್ಲ. ಅದೇ ಕಷ್ಟ.

ಆ ಕಿವಿ ಹೋದ ದಿನ ಪಕ್ಕದ ಮನೆಯಲ್ಲಿ ನೀವೇನು ಮಾಡ್ತಿದ್ರಿ? — ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಅದು ಪುಷ್ಪಮ್ಮನವರ ಪ್ರಶ್ನೆ, ನನ್ನದಲ್ಲ.

ಹೊರಡುವಾಗ ಅಂದರು, "ಟ್ರಸ್ಟಿನ ಸೆಕ್ರೆಟರಿ ಕೃಷ್ಣಕುಮಾರ್ ನಮಗೆ ಬೇಕಾದವ್ರೇ."

ಇರಲಿ.

೨೯ ಜನವರಿ, ಸೋಮವಾರ

ಕೃಷ್ಣಕುಮಾರ್ ಫೋನ್. "ಒಂದು ರಿಪೋರ್ಟ್ ಕೊಟ್ಬಿಡಿ ಮೇಡಂ, ಆಯಮ್ಮ ಏನ್ ಹೇಳ್ತು ಅಂತ. ಊರವ್ರ ಜೊತೆ ಸ್ವಲ್ಪ ಅಡ್ಜಸ್ಟ್ ಮಾಡ್ಕಬೇಕಾಗತ್ತೆ."

"ಆಗಲ್ಲ ಸರ್."

"ಹಂಗಾದ್ರೆ ಕೋಣೆ ಕೊಡಾದು ಕಷ್ಟ."

"ಕೋಣೆ ನಿಮ್ದು, ಇಟ್ಕೊಳ್ಳಿ. ಅವರ ಮಾತು ನಿಮ್ದಲ್ಲ."

ಬೀಗದ ಕೈ ಕೊರಿಯರ್ ಮಾಡಿದೆ. ಬಂದ ಮೇಲೆ ಬಾಗಿಲ ಚಿಲಕ ಎರಡು ಸಲ ನೋಡಿದೆ. ಹೆದರಿಕೆ ಅಂತ ಬರೆಯೋಣವೇ? ಹೌದು, ಹೆದರಿಕೆ. ಸಿಟ್ಟೂ. ಹೊಸನಗರದ ಉಳಿದ ಮೂವರಿಗೂ ಫೋನ್ ಮಾಡಿ ಹೇಳಿದೆ. ಇಬ್ಬರು ಫೋನಿನಲ್ಲೇ ಮಾತಾಡುತ್ತಾರಂತೆ. ಒಬ್ಬರು ಫೋನ್ ಇಟ್ಟುಬಿಟ್ಟರು. ಅದು ಚುಚ್ಚುತ್ತಿದೆ.

ಪುಷ್ಪಮ್ಮನವರಿಗೂ ಫೋನ್ ಮಾಡಿದೆ. ಅಂದರು, "ಸಾಗರಕ್ಕೆ ಬಸ್ಸಿಲ್ವಾ? ನಾನೇ ಬತ್ತೀನಿ."

೮ ಫೆಬ್ರವರಿ, ಗುರುವಾರ

ಬಂದರು! ಒಬ್ಬರೇ. ಮದುವೆಯಾದ ಮೇಲೆ ಒಬ್ಬರೇ ಬಸ್ಸು ಹತ್ತಿದ್ದು ಇದೇ ಮೊದಲಂತೆ.

"ಅಲ್ಲಿ ಯಾರಿದ್ದಾರೆ?"

"ಭಾವನೋರು. ನಾನೇ ಹೇಳ್ದೆ — ಕ್ಷಮೆ ಬೇಕು ಅಂದವ್ರು ನೀವು, ಗುರುವಾರ ಮೈ ಒರಸವ್ರೂ ನೀವೇ ಅಂತ."

ಜಯಪ್ಪ ಒಪ್ಪಿದರಂತೆ. ಒಪ್ಪದೆ ಏನು ಮಾಡುತ್ತಾರೆ, ಇವರು ಆಗಲೇ ಚಪ್ಪಲಿ ಮೆಟ್ಟಿಯಾಗಿತ್ತು.

೨೨ ಫೆಬ್ರವರಿ, ಗುರುವಾರ

ಕಳೆದ ವಾರ ಬಂದಿರಲಿಲ್ಲ. ಇವತ್ತು ಬಂದು ನಡೆದದ್ದು ಹೇಳಿದರು.

ಭಾನುವಾರ ಜಯಪ್ಪ ನೆಂಟರನ್ನೆಲ್ಲ ಸೇರಿಸಿದ್ದರು. ಮಂಜುನಾಥಪ್ಪನವರನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಅವರು ತೊದಲುತ್ತಾ ಹೇಳಿದರಂತೆ — ತಪ್... ತಪ್ಪಾತು. ಅತ್ತರಂತೆ. ಎಲ್ಲರೂ ಇವರ ಮುಖ ನೋಡಿದರು.

"ಕೇಳ್ತಲ್ಲ ಪುಷ್ಪ?" ಅಂದರು ಜಯಪ್ಪ.

"ಬಲಗಿವಿಗೆ ಕೇಳ್ತು ಭಾವ. ಎಡಗಿವಿಗೆ ಯಾರು ಹೇಳ್ತೀರಿ?"

ಇವರು ಒಳಗೆ ಹೋಗಿ ಗಂಜಿ ತಂದು ಎಂದಿನ ಹಾಗೆ ಗಂಡನಿಗೆ ಕುಡಿಸಿದರು, ಗಲ್ಲ ಒರೆಸಿದರು.

"ಅಳುವಾಗ ಪಾಪ ಅನ್ನಿಸ್ತು ಮೇಡಂ. ಅನ್ನಿಸ್ಲಿಲ್ಲ ಅಂದ್ರೆ ಸುಳ್ಳಾಗತ್ತೆ. ಪಾಪ ಅನ್ನಿಸಿದ್ರೂ ಆ ಮಾತು ಬರ್ಲಿಲ್ಲ."

ಇಲ್ಲೊಂದು ನಿಜ ಬರೆಯಬೇಕು. ಗಂಡ ಅತ್ತರು ಅಂದಾಗ ನನ್ನೊಳಗೆ ಯಾರೋ ಪಿಸುಗುಟ್ಟಿದರು — ಈಗ ಹೇಳಿಬಿಡಿ ಪುಷ್ಪಮ್ಮ, ಮುಗಿದುಹೋಗತ್ತೆ. ನನಗೂ ಬೇಕಾಗಿತ್ತು ಚಂದದ ಮುಕ್ತಾಯ. ಎಂಟು ವರ್ಷವಾದರೂ ಆ ಹಳೇ ಚಾಳಿ ಹೋಗಿಲ್ಲ. ಕರುಣೆ ಬೇರೆ, ಕ್ಷಮೆ ಬೇರೆ. ಒಂದೇ ಎದೆಯಲ್ಲಿ ಕರುಣೆಯೂ ಸಿಟ್ಟೂ ಕೂತಿರಬಹುದು, ಜಗಳವಾಡದೆ. ಪಾಠ ಇವತ್ತು ನನಗೇ ಆಯಿತು.

೩ ಮಾರ್ಚ್

ಪುಷ್ಪಮ್ಮನವರ ಮಗಳ ಮೆಸೇಜು. ಅಪ್ಪ ನಿನ್ನೆ ಬೆಳಿಗ್ಗೆ ತೀರಿಕೊಂಡರು. ಅಮ್ಮ ಆಮೇಲೆ ಬರ್ತಾರಂತೆ.

೨೧ ಮಾರ್ಚ್, ಗುರುವಾರ

ಹನ್ನೊಂದಕ್ಕೆ ಸರಿಯಾಗಿ ಬಂದರು. ಮೊದಲು ನೀರು ಕೇಳಿದರು.

ತಿಥಿ ಊಟದ ದಿನ. ಪಂಕ್ತಿಯ ನಡುವೆ ನಿಂತು ಜಯಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದರಂತೆ — ನಮ್ ಪುಷ್ಪ ದೊಡ್ಡ ಮನಸ್ಸು, ಕೊನೇ ಗಳಿಗೆಯಲ್ಲಿ ಅವನ ಕಿವಿಯಲ್ಲಿ ಎಲ್ಲಾ ಕ್ಷಮಿಸಿದೆ ಅಂದ್ಲು. ಹೆಂಗಸರು ಕಣ್ಣೊರೆಸಿಕೊಂಡರು. ಇವರು ಒಳಗಿನಿಂದ ಬಾಗಿಲಿಗೆ ಬಂದು ನಿಂತರು.

"ಇಲ್ಲ. ನಾನು ಹಂಗಂದಿಲ್ಲ. ನೀರು ಬೇಕಾ ಅಂತ ಕೇಳ್ದೆ. ಅಷ್ಟೇ."

ಬಡಿಸುವವನ ಸೌಟು ಅಲ್ಲೇ ನಿಂತಿತು. ಜಯಪ್ಪ ತಲೆ ತಗ್ಗಿಸಿದರು. ಯಾರೋ "ಸಾರು ತಾ" ಅಂದರು. ಊಟ ಮುಂದುವರಿಯಿತು.

ಹೇಳುತ್ತಾ ಹೇಳುತ್ತಾ ಬೆನ್ನು ನೆಟ್ಟಗಾಗಿತ್ತು. ಇನ್ನೊಂದು ಲೋಟ ನೀರು ಕುಡಿದರು. ಆಮೇಲೆ ಇದ್ದಕ್ಕಿದ್ದಂತೆ ಅತ್ತರು. ನನ್ನೆದುರು ಇದೇ ಮೊದಲು.

"ಇವತ್ತು ಬೆಳಿಗ್ಗೆ ಎದ್ದವ್ಳೇ ಅವ್ರಿಗೆ ಗಂಜಿ ಇಟ್ಟೆ ಮೇಡಂ. ಕುದಿ ಬಂದ ಮೇಲೆ ನೆನಪಾತು."

ಲೋಟ ಮತ್ತೆ ತುಂಬಿಸಿ ಮುಂದಿಟ್ಟೆ.

"ಇದು ಕ್ಷಮೆಯಾ?"

"ನಿಮಗೆ ಹಾಗನ್ನಿಸ್ತದಾ?"

"ಇಲ್ಲ." ಮೂಗು ಒರೆಸಿಕೊಂಡರು. "ಮತ್ತೆ ಎಂತ ಇದು?"

ಅವರು ಹೋದ ಮೇಲೆ ಫೈಲ್ ತೆಗೆದು ಕೂತೆ. 'ದುಃಖ' ಅಂತ ಬರೆದೆ, ಹೊಡೆದು ಹಾಕಿದೆ. 'ಅಭ್ಯಾಸ' ಅಂತ ಬರೆದೆ, ಅದನ್ನೂ ಹೊಡೆದು ಹಾಕಿದೆ. ಇಷ್ಟು ದಿನ ಅವರ ಬಾಯಲ್ಲಿ ಊರೆಲ್ಲ ಮಾತು ತುರುಕಲು ನೋಡಿತು. ಈಗ ನಾನೂ... ಇಲ್ಲ. ಹೆಸರಿಡಬೇಕಾದವರು ಅವರು. ಇಡದೆಯೂ ಇರಬಹುದು. ಜಾಗ ಖಾಲಿ ಬಿಡುತ್ತೇನೆ. ಯಾರಾದರೂ ಬಂದು ಕೇಳಿದರೆ ಆ ಖಾಲಿ ಜಾಗವನ್ನೂ ತೋರಿಸುವುದಿಲ್ಲ.