ಹೆರಿಗೆಮನೆಗೆ ಪೂರ್ತಿ ಅಂಕ

ಬೆಣ್ಣೆಕೆರೆ ನಗರ,
ಕ್ರಿ.ಶ. ೨೪೧೭, ಶ್ರಾವಣದ ನಲವತ್ತೊಂದನೆಯ ದಿನ

ನಾಲ್ಕು ನೂರು ವರ್ಷ ಹಿಂದಿರುವ ಹಿರಿಯರಿಗೆ ಮಹಾನಂದಾ ಮಾಡುವ ನಮಸ್ಕಾರಗಳು.

ನಮ್ಮ ತಿಂಗಳುಗಳೂ ಮಾತುಗಳೂ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಅವಸರದಲ್ಲಿ ಬರೆಯುತ್ತಿದ್ದೇನೆ, ಅದನ್ನೂ ಮನ್ನಿಸಬೇಕು.

ನಗರದ ಸೌಲಭ್ಯ ಹೇಗಿದೆಯೆಂದು ನಿಮ್ಮ ಕಾಲದಲ್ಲೂ ಮನೆಮನೆಗೆ ಬಂದು ಕೇಳುತ್ತಿದ್ದರಂತೆ. ನಾವು ಅದಕ್ಕೆ ತಣಿವೆಣಿಕೆ ಎನ್ನುತ್ತೇವೆ. ಕೇಳಲು ಬರುವವನು ತಣಿವಾಳು. ಜನ ಯಾವುದನ್ನು ಚೆನ್ನಾಗಿದೆ ಎನ್ನುತ್ತಾರೋ ಅಲ್ಲಿ ಅದರ ಕೆಲಸ ಮುಗಿಯಿತೆಂದು ಲೆಕ್ಕ. ಅದನ್ನು ಎತ್ತಿಕೊಂಡು ಹೋಗಿ ಗೊಣಗುವವರ ಬಡಾವಣೆಯಲ್ಲಿ ಇಡುತ್ತಾರೆ. ನಮ್ಮ ಕಟ್ಟಡಗಳಿಗೆ ಗಾಲಿಗಳಿರುವುದರಿಂದ ಇದೇನೂ ಕಷ್ಟವಲ್ಲ. ನಮ್ಮ ಓಣಿಯವರಿಗೋ ಬಾಗಿಲಿಗೆ ಬಂದವರ ಮುಂದೆ ದೂರು ಹೇಳಲು ಬಾಯೇ ಬರುವುದಿಲ್ಲ. ಹೊಗಳಿ ಹೊಗಳಿ ಬೀದಿದೀಪ ಕಳೆದುಕೊಂಡೆವು, ಗ್ರಂಥಾಲಯವನ್ನೂ ಕಳೆದುಕೊಂಡೆವು.

ನಿನ್ನೆ ಬೆಳಿಗ್ಗೆ ನೋಡಿದರೆ ಹೆರಿಗೆಮನೆಯೇ ಇಲ್ಲ! ಅಲ್ಲಿನ ಸೂಲಗಿತ್ತಿ ಮಾಲನಬಿಯವರನ್ನು ಓಣಿಯೆಲ್ಲ ಬಾಯಿತುಂಬ ಹೊಗಳಿತ್ತು. ಈಗ ಅವರು ನಗರದ ಆ ತುದಿಯಲ್ಲಿ, ಅರ್ಧ ದಿನದ ದಾರಿ. ನನ್ನ ನಾದಿನಿ ಸುಗಂಧಾಳಿಗೆ ದಿನ ತುಂಬಿವೆ. ಮೊದಲ ಹೆರಿಗೆಯಲ್ಲಿ ಸತ್ತು ಬದುಕಿದವಳು. ಕಚೇರಿಗೆ ಓಡಿ, ಅತ್ತು ಕರೆದು, ಇನ್ನೊಮ್ಮೆ ಕೇಳಲು ಒಪ್ಪಿಸಿದೆ. ಅವರ ಷರತ್ತು ಇಷ್ಟು: ಬಸುರಿಯೇ ತನ್ನ ಬಾಯಿಂದ ಸೌಲಭ್ಯ ಸಾಲದು ಎಂದರೆ ಹೆರಿಗೆಮನೆ ತಕ್ಷಣ ವಾಪಸು, ಇಲ್ಲವಾದರೆ ಮುಂದಿನ ವರ್ಷವೇ. ಬೇರೆ ಯಾರ ಮಾತಿಗೂ ಬೆಲೆಯಿಲ್ಲ. ಏನು ಹೇಳಬೇಕೆಂದು ಕೂತಲ್ಲಿ ನಿಂತಲ್ಲಿ ಅವಳಿಗೆ ಕಲಿಸಿದೆ.

ಇವತ್ತು ಮಧ್ಯಾಹ್ನ ತಣಿವಾಳು ಬಂದ. ವಯಸ್ಸಾದವನು, ಬಿಸಿಲಿಗೆ ಬೆವತು ಹೋಗಿದ್ದ. ಸುಗಂಧಾಳಿಗೆ ಆಗಲೇ ನೋವು ಶುರುವಾಗಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತು ಅವಳು ಹೇಳಿದ್ದನ್ನು ಸಾಯುವವರೆಗೂ ಮರೆಯಲಾರೆ.

“ಎಷ್ಟ್ ದೂರದಿಂದ ಬಂದೀರಿ, ಒಳಗ ಬರ್ರಿ ಕಾಕಾ. ನಮಗೇನ್ ಕಮ್ಮಿ ಐತ್ರಿ? ಎಲ್ಲಾ ಚಲೋ ಐತಿ. ಚಾ ಕುಡದ ಹೋಗ್ರಿ.”

ನಾನು ಬಾಯಿ ಬಾಯಿ ಬಡಿದುಕೊಂಡೆ. ಅವನು ಪೂರ್ತಿ ಅಂಕ ಒತ್ತಿ, ಚಹಾ ಕುಡಿದು ಎದ್ದ.

ಗಾಡಿಗೆ ಹೇಳಿಕಳಿಸಿದ್ದೇವೆ, ಅದು ಬರುವವರೆಗೆ ಇದನ್ನು ಗೀಚುತ್ತಿದ್ದೇನೆ. ಹಿರಿಯರೇ, ಈ ಸಂಕೋಚ ನಮಗೆ ನಿಮ್ಮಿಂದಲೇ ಬಂದದ್ದು. ನಿಮ್ಮ ಬಾಗಿಲಿಗೆ ಬಂದವನಿಗೆ ಚಹಾ ಕೊಡಿ, ಬೇಕಾದರೆ ಊಟವನ್ನೇ ಹಾಕಿ, ಆದರೆ ಇರುವುದನ್ನು ಇರುವ ಹಾಗೆ ಹೇಳಿ. ಕೈಮುಗಿದು ಕೇಳುತ್ತೇನೆ. ಸುಗಂಧಾಳ ನೋವು ಹೆಚ್ಚಾಗಿದೆ, ಗಾಡಿಯ ಸುಳಿವಿಲ್ಲ. ತಣಿವಾಳು ಇನ್ನೂ ಓಣಿ ದಾಟಿಲ್ಲ. ಅವನಿಗೆ ಕೇಳಿಸಬಾರದೆಂದು ಅವಳು ಬಾಯಿಗೆ ಸೆರಗು ತುರುಕಿಕೊಂಡಿದ್ದಾಳೆ.