ಬೆನ್ನ ಮೇಲಿನ ಬಿಳಿ ದಾರ

ಅಕ್ಕಾ,

ನೀನೀಗ ಎಲ್ಲಿದ್ದೀಯೋ ಗೊತ್ತಿಲ್ಲ, ಯಾರನ್ನಾದರೂ ಕೇಳಲು ನನಗೆ ಮುಖವೂ ಇಲ್ಲ. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ನಾನೇ ಹೊಲಿದ ಹೊಸ ಕೋಟು ತೊಟ್ಟು ದಿನವಿಡೀ ನಮ್ಮ ಟೈಲರ್ ಅಂಗಡಿಯಲ್ಲಿ ಮೆರೆದೆ. ಗಿರಾಕಿಗಳು, ಕೆಲಸದವರು, ಎಲ್ಲರೂ "ತುಂಬಾ ಚೆನ್ನಾಗಿದೆ ಮೇಡಂ" ಅಂದರು. ಮನೆಗೆ ಬಂದು ಬಿಚ್ಚಿದರೆ ಬೆನ್ನುದ್ದಕ್ಕೂ ಕಚ್ಚಾ ಹೊಲಿಗೆಯ ಬಿಳಿ ದಾರ! ಕೀಳುವುದನ್ನೇ ಮರೆತಿದ್ದೆ. ಒಬ್ಬರೂ ಹೇಳಲಿಲ್ಲ.

ನೀನಾಗಿದ್ದರೆ ಹತ್ತು ಜನರ ಎದುರೇ ಕೂಗುತ್ತಿದ್ದೆ: "ಲೇ ಪೆದ್ದಿ, ತಿರುಗು! ಕನ್ನಡಿ ಮುಂದೆ ನಿಂತವರಿಗೆ ಬೆನ್ನು ಕಾಣಲ್ಲ ಕಣೇ."

ನಾನು ಮೆಚ್ಚಿದ ಗಂಡಿನ ವಿಷಯದಲ್ಲೂ ನೀನು ಹಾಗೇ ಕೂಗಿದ್ದೆ. "ನಿನಗೆ ಹೊಟ್ಟೆಕಿಚ್ಚು" ಅಂದು ನಾನು ಬಾಗಿಲು ತೋರಿಸಿದೆ. ಈಗ ಆತನೂ ನನ್ನನ್ನು ಬಿಟ್ಟು ಹೋಗಿದ್ದಾನೆ.

ದಾರವನ್ನು ಒಬ್ಬಳೇ ಕೂತು ಕಿತ್ತೆ. ಅಂಗಡಿಯಲ್ಲಿ ನಿನ್ನ ಸ್ಟೂಲು ಇನ್ನೂ ನನ್ನ ಬೆನ್ನ ಹಿಂದೆಯೇ ಇದೆ. ಅದರ ಮೇಲೆ ಯಾರನ್ನೂ ಕೂರಿಸಿಲ್ಲ.